ವೆಬ್‌ಸೈಟಿಗೆ ಹಾಕಿದ್ದೇವಲ್ಲ!

ವಯನಾಡಿನಲ್ಲಿ ಗುಡ್ಡ ಜರಿದು ಊರುಗಳೇ ಕೊಚ್ಚಿಹೋದ ಮರುದಿನ, 2024ರ ಜುಲೈ 31ರಂದು, ಕೇಂದ್ರ ಪರಿಸರ ಸಚಿವಾಲಯ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಮತ್ತೊಮ್ಮೆ ಹೊರಡಿಸಿತು. ಅದು ಆರನೇ ಕರಡು. ಮೊದಲನೆಯದು ಬಂದದ್ದು 2014ರ ಮಾರ್ಚ್‌ನಲ್ಲಿ. ಆರು ರಾಜ್ಯಗಳ ಸುಮಾರು 56,825 ಚದರ ಕಿಲೋಮೀಟರ್ ನೆಲ ಅದರ ವ್ಯಾಪ್ತಿಗೆ ಬರುತ್ತದೆ; ಕರ್ನಾಟಕದ ಪಾಲೇ 20,668. ಹಾಸನ ಜಿಲ್ಲೆಯಿಂದ ಪಟ್ಟಿಯಲ್ಲಿರುವುದು ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಹಳ್ಳಿಗಳು. ಆಕ್ಷೇಪ, ಸಲಹೆ ಇದ್ದವರು 60 ದಿನದೊಳಗೆ ಬರೆದು ತಿಳಿಸಬಹುದು ಎಂದು ಕರಡಿನಲ್ಲೇ ಇದೆ.

ಬರೆದು ತಿಳಿಸಬೇಕಾದರೆ ಮೊದಲು ಓದಬೇಕು. ಕೇಂದ್ರದ ಗೆಜೆಟ್ ಅಚ್ಚಾಗುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಹಳ್ಳಿಗಳ ಹೆಸರಿರುವುದು ಅನುಬಂಧದಲ್ಲಿ, ಆರು ರಾಜ್ಯಗಳದ್ದೂ ಒಟ್ಟಿಗೆ, ಪುಟಗಟ್ಟಲೆ. ಸಕಲೇಶಪುರ ತಾಲ್ಲೂಕಿನ ಹೆತ್ತೂರು, ಯಸಳೂರು ಕಡೆ ಜುಲೈ–ಆಗಸ್ಟ್ ಅಂದರೆ ಕರೆಂಟು ಹೋಗಿ, ಅದರ ಹಿಂದೆಯೇ ಟವರೂ ಮಲಗುವ ಕಾಲ. ಆ ಮಳೆಯಲ್ಲಿ ದೊಡ್ಡ ಕಡತ ಮೊಬೈಲಿಗೆ ಇಳಿಸಿಕೊಂಡು, ಇಂಗ್ಲಿಷ್ ಕಾಗುಣಿತದಲ್ಲಿ ತನ್ನ ಊರಿನ ಹೆಸರು ಹೇಗೆ ಬಿದ್ದಿದೆಯೋ ಎಂದು ಹುಡುಕಿ, ಊರು ಒಳಗೋ ಹೊರಗೋ ತಿಳಿದುಕೊಂಡು, ಆಮೇಲೆ ಆಕ್ಷೇಪ ಬರೆಯಬೇಕು. ಇದು ಆಗುವ ಹೋಗುವ ಮಾತಲ್ಲ. ಕೇಳಿದರೆ ಉತ್ತರ ಸಿದ್ಧ: ‘ವೆಬ್‌ಸೈಟಿಗೆ ಹಾಕಿದ್ದೇವಲ್ಲ!’

ಈ ಉತ್ತರವನ್ನು ಸ್ವಲ್ಪ ಬಿಡಿಸಿ ನೋಡಬೇಕಿದೆ. ಕಡತವೊಂದು ಅಂತರ್ಜಾಲದಲ್ಲಿದ್ದ ಮಾತ್ರಕ್ಕೆ ಅದು ಸಾರ್ವಜನಿಕರ ಕೈಗೆ ಬಂದಂತಲ್ಲ. ಅದನ್ನು ಯಾವ ರೂಪದಲ್ಲಿ, ಯಾವ ಅಕ್ಷರ ಸಂಕೇತದಲ್ಲಿ, ಯಾವ ತಂತ್ರಾಂಶ ಇದ್ದರೆ ಮಾತ್ರ ತೆರೆಯುವಂತೆ ಇಟ್ಟಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮುಕ್ತ ಶಿಷ್ಟತೆಯ ಮಾತು ಬರುವುದು ಇಲ್ಲೇ: ಯಾವ ಕಂಪನಿಯ ಅಪ್ಪಣೆಯೂ ಇಲ್ಲದೆ, ಯಾರಿಗೂ ರಾಯಲ್ಟಿ ಕೊಡದೆ, ಯಾರು ಬೇಕಾದರೂ ಓದುವ, ಹುಡುಕುವ, ಮರುಬಳಸುವ ತಂತ್ರಾಂಶ ಬರೆಯಬಹುದಾದಂತೆ ನಿಯಮಗಳನ್ನು ಬಹಿರಂಗವಾಗಿ ಇಡುವುದು. ಬೆಂಗಳೂರಿನ ಸಾಫ್ಟ್‌ವೇರ್ ಮಂದಿಯ ಸಭೆಗಳಲ್ಲಿ ಕೇಳಿಬರುವ ಈ ಮಾತಿಗೆ ಸಕಲೇಶಪುರದ ಮಂಜರಾಬಾದ್ ಗುಡ್ಡಗಳಲ್ಲಿ ಏನು ಕೆಲಸ ಎನ್ನಬೇಡಿ. ಕೆಲಸ ಹೆಚ್ಚಾಗಿ ಇರುವುದು ಇಲ್ಲೇ.

ಘಟ್ಟದ ಕಡತಗಳನ್ನು ಮುಚ್ಚಿಟ್ಟುಕೊಳ್ಳುವ ಚಾಳಿ ಹಳೆಯದು. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ ತನ್ನ ವರದಿಯನ್ನು ಸಚಿವಾಲಯಕ್ಕೆ ಕೊಟ್ಟದ್ದು 2011ರ ಆಗಸ್ಟ್ 31ರಂದು. ಸಕಲೇಶಪುರದ ಕಾಡನ್ನು ಮುಳುಗಿಸಲಿದ್ದ ಗುಂಡ್ಯ ಜಲವಿದ್ಯುತ್ ಯೋಜನೆಗೆ ಒಪ್ಪಿಗೆ ಕೊಡಬಾರದು ಎಂದು ಅದೇ ವರದಿ ಹೇಳಿತ್ತು. ಅಂದರೆ ಅಲ್ಲಿನ ಹೊಂಗಡಹಳ್ಳದ ಜನಕ್ಕೆ ನೇರವಾಗಿ ಸಂಬಂಧಿಸಿದ ದಾಖಲೆ ಅದು. ಆದರೆ ಸಚಿವಾಲಯ ಅದನ್ನು ತಿಂಗಳುಗಟ್ಟಲೆ ಹೊರಗೇ ಬಿಡಲಿಲ್ಲ. ಕೇರಳದಿಂದ ಒಬ್ಬರು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರು. ಕೊಡಿ ಎಂದು ಕೇಂದ್ರ ಮಾಹಿತಿ ಆಯೋಗ 2012ರ ಏಪ್ರಿಲ್‌ನಲ್ಲಿ ಹೇಳಿತು. ಸಚಿವಾಲಯ ದೆಹಲಿ ಹೈಕೋರ್ಟಿಗೆ ಹೋಗಿ ಸೋತ ಮೇಲೆ, ಮೇ ತಿಂಗಳಲ್ಲಿ ವರದಿ ಜಾಲತಾಣಕ್ಕೆ ಬಂತು. ಬಂದದ್ದು ನೂರಾರು ಪುಟಗಳ ಇಂಗ್ಲಿಷ್ ಪಿಡಿಎಫ್. ಗ್ರಾಮಸಭೆಗಳಲ್ಲಿ ಚರ್ಚೆಯಾಗಲಿ ಎಂದು ಪದೇ ಪದೇ ಹೇಳುವ ವರದಿ, ಗ್ರಾಮಸಭೆ ಓದಲಾಗದ ರೂಪದಲ್ಲಿ ಹೊರಬಂತು.

ಆಮೇಲೆ 2013ರಲ್ಲಿ, ಅದನ್ನು ಮರುಪರಿಶೀಲಿಸಿದ ಕಸ್ತೂರಿರಂಗನ್ ಸಮಿತಿಯ ವರದಿ. ನಂತರ ಅದನ್ನು ಆಧರಿಸಿ ಕರಡಿನ ಮೇಲೆ ಕರಡು. ಹತ್ತು ವರ್ಷಕ್ಕೂ ಮೀರಿ ಮಲೆನಾಡಿನಲ್ಲಿ ನಡೆದಿರುವ ಜಗಳದ ದೊಡ್ಡ ಪಾಲು ಮೂಲ ಕಡತವನ್ನು ಯಾರೂ ಓದದೇ ಇದ್ದುದರಿಂದ ಹುಟ್ಟಿದ್ದು ಎಂದೇ ನಾನು ತಿಳಿದಿದ್ದೇನೆ. ಮನೆಗೆ ಹೆಂಚು ಹೊದಿಸಲಿಕ್ಕೂ ಬಿಡುವುದಿಲ್ಲವಂತೆ, ಕಾಫಿ ಗಿಡಕ್ಕೆ ಗೊಬ್ಬರ ಹಾಕುವಂತಿಲ್ಲವಂತೆ ಎಂಬ ‘ಅಂತೆ’ಗಳು ಸಂತೆಯಲ್ಲೂ ಸಭೆಯಲ್ಲೂ ಓಡಾಡಿದವು. ಕರಡಿನಲ್ಲಿ ನಿಷೇಧ ಇರುವುದು ಗಣಿಗಾರಿಕೆ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಕೈಗಾರಿಕೆ, 20,000 ಚದರ ಮೀಟರ್ ಹಾಗೂ ಅದಕ್ಕೆ ಮೇಲ್ಪಟ್ಟ ಕಟ್ಟಡಗಳಿಗೆ. ಇದನ್ನು ಒಪ್ಪುವುದು ಬಿಡುವುದು ಬೇರೆ ಮಾತು. ರಾಜ್ಯ ಸಚಿವ ಸಂಪುಟ 2024ರ ಸೆಪ್ಟೆಂಬರ್ 26ರಂದು ಕಸ್ತೂರಿರಂಗನ್ ವರದಿಯನ್ನೇ ತಿರಸ್ಕರಿಸಲು ತೀರ್ಮಾನಿಸಿತು. ಅದಕ್ಕೆ ಅದರದೇ ವಾದವಿದೆ. ಆದರೆ ವಿರೋಧಿಸುವವನ ಮುಂದೆಯೂ ಬೆಂಬಲಿಸುವವನ ಮುಂದೆಯೂ ಒಂದೇ ಕನ್ನಡ ಪಠ್ಯ ಇದ್ದಿದ್ದರೆ ಜಗಳವಾದರೂ ಸರಿಯಾದ ವಿಷಯಕ್ಕೆ ಆಗುತ್ತಿತ್ತು.

ಜನರ ಭಾಷೆಯಲ್ಲಿ ಪಠ್ಯ ಬೇಕು ಎಂಬ ಮಾತನ್ನು ನ್ಯಾಯಾಲಯಗಳೂ ಒಪ್ಪಿವೆ. 2020ರ ಪರಿಸರ ಪರಿಣಾಮ ಅಂದಾಜಿನ ಕರಡು ಬಂದಾಗ, ಅದನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಿಗೆ ಅನುವಾದಿಸಿ ಪ್ರಕಟಿಸಿ ಎಂದು ದೆಹಲಿ ಹೈಕೋರ್ಟ್ ಜೂನ್ 30ರಂದು ಆದೇಶಿಸಿತು. ಕರ್ನಾಟಕ ಹೈಕೋರ್ಟ್ ಆಗಸ್ಟ್‌ನಲ್ಲಿ, ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆ ಕೊಟ್ಟಿತು. ಇದಕ್ಕೂ ಹಿಂದೆಯೇ ಕಾನೂನು ಇತ್ತು. 2005ರ ಮಾಹಿತಿ ಹಕ್ಕು ಕಾಯ್ದೆಯ 4(4)ನೇ ಕಲಮು, ಮಾಹಿತಿ ಹರಡುವಾಗ ವೆಚ್ಚ, ಸ್ಥಳೀಯ ಭಾಷೆ, ಆ ಪ್ರದೇಶದಲ್ಲಿ ಪರಿಣಾಮಕಾರಿಯಾದ ಸಂವಹನದ ದಾರಿ ಇವನ್ನೆಲ್ಲ ಗಮನಿಸಬೇಕು ಎನ್ನುತ್ತದೆ. ಯಾರೂ ಕೇಳುವ ಮೊದಲೇ ಕೊಡಬೇಕಾದ ಮಾಹಿತಿಗೆ ಈ ನಿಯಮ ಎಂಬುದನ್ನು ಮರೆಯಬಾರದು.

ಕನ್ನಡದಲ್ಲಿ ಹಾಕಿದರೆ ಎಲ್ಲ ಸರಿಹೋಯಿತೇ? ಇಲ್ಲ. ನಮ್ಮ ರಾಜ್ಯ ಸರ್ಕಾರದ ಕಚೇರಿಗಳ ಕನ್ನಡಕ್ಕೆ ಅದರದೇ ಒಂದು ಬೀಗವಿದೆ.

ತೊಂಬತ್ತರ ದಶಕದಲ್ಲಿ ಕನ್ನಡ ತಂತ್ರಾಂಶ ಮಾರುವ ಒಂದೊಂದು ಕಂಪನಿಯದೂ ಒಂದೊಂದು ಸಂಕೇತ. ಒಂದರಲ್ಲಿ ಟೈಪಿಸಿದ್ದು ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. ಆ ಗೊಂದಲ ತಪ್ಪಿಸಲೆಂದೇ ಸರ್ಕಾರ ಕೀಲಿಮಣೆಗೂ ಅಕ್ಷರಭಾಗಗಳ ಸಂಕೇತಕ್ಕೂ ಒಂದು ಶಿಷ್ಟತೆ ಗೊತ್ತುಮಾಡಿತು. ಕನ್ನಡ ಗಣಕ ಪರಿಷತ್ತು ‘ನುಡಿ’ ತಂತ್ರಾಂಶವನ್ನು ರೂಪಿಸಿ ಉಚಿತವಾಗಿ ಕೊಟ್ಟಿತು. ಆ ಕಾಲಕ್ಕೆ ಅದು ದೊಡ್ಡ ಉಪಕಾರ, ಅನುಮಾನವಿಲ್ಲ. ಆದರೆ ಹಳೆಯ ನುಡಿಯಲ್ಲಿ ಕಂಪ್ಯೂಟರಿನೊಳಗೆ ಉಳಿಯುತ್ತಿದ್ದುದು ಕನ್ನಡ ಅಕ್ಷರವಲ್ಲ, ಇಂಗ್ಲಿಷ್ ಅಕ್ಷರ ಮತ್ತು ಯುರೋಪಿನ ಚಿಹ್ನೆಗಳು. ಅವುಗಳ ಮೇಲೆ ಕನ್ನಡದ ಆಕಾರ ಬಿಡಿಸಿದ ಫಾಂಟ್ ಕುಳಿತಿದ್ದರೆ ಪರದೆಯ ಮೇಲೆ ಕನ್ನಡ ಕಾಣುತ್ತದೆ. ಫಾಂಟ್ ತೆಗೆದರೆ ಅಡ್ಡಾದಿಡ್ಡಿ ಗೀಟು, ಚುಕ್ಕೆ, ಕೊಂಬುಗಳ ಸಾಲು. ಹೀಗೆ ತಯಾರಾದ ಕಡತದಲ್ಲಿ ‘ಸಕಲೇಶಪುರ’ ಎಂದು ಹುಡುಕಿದರೆ ಏನೂ ಸಿಗದು. ಗೂಗಲ್‌ಗೂ ಸಿಗದು. ನಕಲು ಮಾಡಿ ವಾಟ್ಸ್‌ಆ್ಯಪಿಗೆ ಅಂಟಿಸಿದರೆ ಬರುವುದು ಕಸ. ಕಣ್ಣು ಕಾಣದವರಿಗೆ ಓದಿಹೇಳುವ ತಂತ್ರಾಂಶಗಳಿವೆ. ಉಚಿತವಾಗಿ ಸಿಗುವ ಇ-ಸ್ಪೀಕ್‌ಗೆ ಕನ್ನಡ ಬರುತ್ತದೆ. ಯುನಿಕೋಡ್ ಕನ್ನಡವನ್ನು ಅದು ಓದುತ್ತದೆ, ಹಳೆಯ ನುಡಿ ಕಡತದ ಮುಂದೆ ಕೂತರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಉಸುರುತ್ತದೆ.

ಯುನಿಕೋಡ್ ಏನು ನಿನ್ನೆ ಮೊನ್ನೆ ಬಂದದ್ದಲ್ಲ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. ಭಾರತೀಯ ಭಾಷೆಗಳ ಇ-ಆಡಳಿತಕ್ಕೆಲ್ಲ ಯುನಿಕೋಡೇ ಶಿಷ್ಟತೆ ಎಂದು ಕೇಂದ್ರ ಸರ್ಕಾರ 2009ರ ನವೆಂಬರ್‌ನಲ್ಲಿ ಗೊತ್ತುಮಾಡಿತು. ಮರುವರ್ಷ ನವೆಂಬರ್‌ನಲ್ಲಿ ಇ-ಆಡಳಿತದ ಮುಕ್ತ ಶಿಷ್ಟತೆಗಳ ನೀತಿ ಬಂತು. ರಾಯಲ್ಟಿ ಇಲ್ಲದ, ಒಂದೇ ಕಂಪನಿಯ ಹಿಡಿತದಲ್ಲಿರದ ಶಿಷ್ಟತೆಗಳನ್ನು ಬಳಸಬೇಕು ಎಂಬುದೇ ಅದರ ತಿರುಳು. ನುಡಿಯೂ ಈಗ ಯುನಿಕೋಡಿಗೆ ಬಂದಿದೆ. ಬಾರದಿರುವುದು ಕಚೇರಿಯ ಅಭ್ಯಾಸ. ಹಳೆಯ ಟೆಂಪ್ಲೇಟು, ಹಳೆಯ ಫಾಂಟು, ಬೆರಳಿಗೆ ಕೂತ ಹಳೆಯ ಲೆಕ್ಕ. ಸರ್ಕಾರ ಕೈಕಟ್ಟಿ ಕೂತಿದ್ದ ವರ್ಷಗಳಲ್ಲಿ ಹಳೆಯ ನುಡಿ ಪಠ್ಯವನ್ನು ಯುನಿಕೋಡಿಗೆ ಪರಿವರ್ತಿಸುವ ಸಲಕರಣೆಗಳನ್ನು ಬರೆದು, ಮೂಲ ಸಂಕೇತ ಸಮೇತ ಹಂಚಿದವರು ಕನ್ನಡದ ಸ್ವಯಂಸೇವಕ ಹುಡುಗರು. ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬರುವುದು ಕಷ್ಟ, ಯಾಕೆಂದರೆ ಅವರು ಮಾಡಿದ್ದು ಕಣ್ಣಿಗೆ ಕಾಣುವುದಿಲ್ಲ.

ಈ ವಿಷಯದಲ್ಲಿ ಮಲೆನಾಡಿಗೆ ತನ್ನದೇ ಒಬ್ಬ ಹಿರಿಯನಿದ್ದ ಎಂಬುದನ್ನು ಇಲ್ಲಿ ನೆನೆಯಬೇಕು. ಸಕಲೇಶಪುರದ ಪಕ್ಕದ ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿ, 2007ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವುದಕ್ಕೆ ಮುಂಚಿನ ವರ್ಷಗಳಲ್ಲಿ ಅತಿ ಹೆಚ್ಚು ತಲೆಕೆಡಿಸಿಕೊಂಡ ವಿಷಯಗಳಲ್ಲಿ ಕನ್ನಡ ತಂತ್ರಾಂಶವೂ ಒಂದು. ಸರ್ಕಾರ ಒಂದೇ ತಂತ್ರಾಂಶಕ್ಕೆ ಜೋತುಬಿದ್ದದ್ದನ್ನು ಅವರು ಕಟುವಾಗಿ ಟೀಕಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಹಿಂದೆ ನಿಂತು ಕೆಲಸ ಮಾಡಿಸಿದರು. ಆಗ ಅನೇಕರಿಗೆ ಇದು ಕಾದಂಬರಿಕಾರನ ಹವ್ಯಾಸದಂತೆ ಕಂಡಿತ್ತು. ಕಂಪ್ಯೂಟರಿನಲ್ಲಿ ಸರಾಗವಾಗಿ ಓಡಾಡದ ಭಾಷೆ ಆಡಳಿತದಿಂದಲೂ ಹೊರಗೆ ಬೀಳುತ್ತದೆ ಎಂಬ ಅವರ ಆತಂಕ ಎಷ್ಟು ನಿಜ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ತಾಲ್ಲೂಕು ಕಚೇರಿಯ ಯಾವುದೇ ಆದೇಶವನ್ನು ನೋಡಿ. ಕಂಪ್ಯೂಟರಿನಲ್ಲಿ ಟೈಪಿಸುತ್ತಾರೆ, ಅಚ್ಚು ತೆಗೆಯುತ್ತಾರೆ, ಸಹಿ ಹಾಕಿ ಮೊಹರು ಒತ್ತುತ್ತಾರೆ, ಮತ್ತೆ ಸ್ಕ್ಯಾನ್ ಮಾಡಿ ಚಿತ್ರವಾಗಿಸಿ ಕಳಿಸುತ್ತಾರೆ. ಅಕ್ಷರವಾಗಿದ್ದದ್ದು ಫೋಟೊ ಆಯಿತು. ಡಿಜಿಟಲ್ ಸಹಿಗೆ 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯೇ ಮಾನ್ಯತೆ ಕೊಟ್ಟಿದೆ. ಆದರೂ ನೀಲಿ ಶಾಯಿಯ ಮೋಹ ಬಿಟ್ಟಿಲ್ಲ.

ಮಳೆಗಾಲದಲ್ಲಿ ಈ ಫೋಟೊ ಆದೇಶಗಳ ಕಥೆ ಬೇರೆಯೇ ಆಗುತ್ತದೆ. 2018ರ ಆಗಸ್ಟ್‌ನಲ್ಲಿ ಘಟ್ಟ ಕುಸಿದು ಶಿರಾಡಿ ಹೆದ್ದಾರಿಯೂ ರೈಲು ಮಾರ್ಗವೂ ನಿಂತವು. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ಅದೇ ಮಳೆಯಲ್ಲಿ ದೊಡ್ಡತಪ್ಲೆ ಬಳಿ ಹೆದ್ದಾರಿಯ ಮೇಲೆ ಗುಡ್ಡ ಬಂದು ಕೂತಿತು. ಇಂಥ ದಿನಗಳಲ್ಲಿ ಸಂಚಾರ ನಿಷೇಧದ ಆದೇಶ, ಶಾಲೆಗೆ ರಜೆ, ಬದಲಿ ದಾರಿ ಎಲ್ಲವೂ ವಾಟ್ಸ್‌ಆ್ಯಪಿನಲ್ಲಿ ಚಿತ್ರವಾಗಿ ಹರಿದಾಡುತ್ತವೆ. ಯಾವುದು ಇವತ್ತಿನದು, ಯಾವುದು ಕಳೆದ ವರ್ಷದ್ದು, ಹಿಂಪಡೆದದ್ದೋ ಚಾಲ್ತಿಯಲ್ಲಿದೆಯೋ ತಿಳಿಯದು. ಮಂಗಳೂರಿನ ಆಸ್ಪತ್ರೆಗೆ ಹೊರಟವರು ಸಕಲೇಶಪುರದ ಬಳಿಯ ದೋಣಿಗಲ್‌ವರೆಗೆ ಬಂದು ವಾಪಸ್ ತಿರುಗುತ್ತಾರೆ.

ಇಂಥ ಎಚ್ಚರಿಕೆಗಳಿಗೆ ಜಗತ್ತಿನಲ್ಲಿ ಒಂದು ಮುಕ್ತ ಶಿಷ್ಟತೆ ಬಹಳ ಹಿಂದೆಯೇ ಇದೆ. ಕಾಮನ್ ಅಲರ್ಟಿಂಗ್ ಪ್ರೊಟೊಕಾಲ್, ಚುಟುಕಾಗಿ ಕ್ಯಾಪ್. ಏನು ಅಪಾಯ, ಎಷ್ಟು ತೀವ್ರ, ನಕ್ಷೆಯ ಮೇಲೆ ಯಾವ ಗಡಿಯೊಳಗೆ, ಯಾವಾಗಿನಿಂದ ಯಾವಾಗಿನವರೆಗೆ, ಜನ ಏನು ಮಾಡಬೇಕು ಎಂಬುದನ್ನು ಒಂದೊಂದು ನಿಗದಿತ ಜಾಗದಲ್ಲಿ ತುಂಬುವ ಕ್ರಮ ಅದು. ಒಂದೇ ಎಚ್ಚರಿಕೆಯೊಳಗೆ ಬೇಕಾದಷ್ಟು ಭಾಷೆಗಳನ್ನು ಸೇರಿಸಬಹುದು. ಹಳೆಯದನ್ನು ರದ್ದು ಮಾಡುವ ಸಂದೇಶಕ್ಕೂ ಅದರಲ್ಲಿ ಜಾಗ ಇದೆ. ಮೊಬೈಲು, ರೇಡಿಯೊ, ರಸ್ತೆ ಬದಿಯ ಎಲ್‌ಇಡಿ ಫಲಕ, ಯಾವುದಕ್ಕೆ ಬೇಕಾದರೂ ಅದೇ ಒಂದು ಸಂದೇಶವನ್ನು ಉಣಿಸಬಹುದು. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ವ್ಯವಸ್ಥೆ ನಿಂತಿರುವುದು ಈ ಶಿಷ್ಟತೆಯ ಮೇಲೆ. 2023ರ ಅಕ್ಟೋಬರ್ 12ರಂದು ರಾಜ್ಯದ ಉದ್ದಗಲಕ್ಕೂ ಮೊಬೈಲುಗಳು ಒಮ್ಮೆಲೇ ಕಿರುಚಿಕೊಂಡು ಜನರನ್ನು ಬೆಚ್ಚಿಬೀಳಿಸಿದವಲ್ಲ, ಅದು ಸೆಲ್ ಬ್ರಾಡ್‌ಕಾಸ್ಟಿನ ಪರೀಕ್ಷೆ. ಆ್ಯಪ್ ಬೇಡ, ಡೇಟಾ ಬೇಡ, ಯಾರ ಗುಂಪಿಗೂ ಸೇರಬೇಕಿಲ್ಲ. ಟವರಿನ ವ್ಯಾಪ್ತಿಯಲ್ಲಿದ್ದರೆ ಸಾಕು. ದೇಶಮಟ್ಟದಲ್ಲಿ ಇಷ್ಟು ಕಟ್ಟಿಟ್ಟ ಮೇಲೆ, ಘಟ್ಟದ ರಸ್ತೆ ಬಂದ್ ಆದ ಸುದ್ದಿ ಇನ್ನೂ ಫೋಟೊ ರೂಪದಲ್ಲಿ ಸುತ್ತುವುದು ಸೋಮಾರಿತನವಲ್ಲದೆ ಬೇರೇನೂ ಅಲ್ಲ.

ಇನ್ನು ಕಾಡಾನೆ. ಆಲೂರು–ಸಕಲೇಶಪುರದಲ್ಲಿ ಬೆಳಗಿನ ಮೊದಲ ಪ್ರಶ್ನೆ ‘ಆನೆ ಎಲ್ಲಿದೆ?’ ಎಂಬುದೇ. ಹೈಕೋರ್ಟ್ ರಚಿಸಿದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. 2014ರಲ್ಲಿ ಆಲೂರು ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದವು. ದಸರಾ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ವಲಯದ ಕಾರ್ಯಾಚರಣೆಯಲ್ಲಿ ಕಾಡಾನೆಯ ದಾಳಿಗೆ ಬಲಿಯಾದದ್ದನ್ನು ನಾಡೇ ನೋಡಿತು. ಈಗ ಅರಣ್ಯ ಇಲಾಖೆಯ ಸಿಬ್ಬಂದಿ ಹಿಂಡುಗಳ ಜಾಡು ಹಿಡಿದು ಎಸ್‌ಎಂಎಸ್, ಧ್ವನಿ ಕರೆ, ವಾಟ್ಸ್‌ಆ್ಯಪ್ ಗುಂಪು, ರಸ್ತೆ ಬದಿಯ ಎಲ್‌ಇಡಿ ಫಲಕಗಳ ಮೂಲಕ ಊರವರಿಗೆ ತಿಳಿಸುತ್ತಾರೆ. ಬೀಟಮ್ಮ ಎಂಬ ಹೆಣ್ಣಾನೆಯ ಗುಂಪು ಯಾವ ಎಸ್ಟೇಟಿನಲ್ಲಿದೆ, ಭೀಮ ಎಂಬ ಸಲಗ ಯಾವ ರಸ್ತೆ ದಾಟಿದ ಎಂಬುದು ಬೆಳಗಾಗುವುದರೊಳಗೆ ಗೊತ್ತಾಗುತ್ತದೆ. ಜೀವ ಉಳಿಸಿದ ಕೆಲಸ ಇದು. ರಾತ್ರಿಯೆಲ್ಲ ಆನೆಯ ಹಿಂದೆ ಓಡಾಡುವ ಆ ಹುಡುಗರ ಬಗ್ಗೆ ಹಗುರವಾಗಿ ಮಾತಾಡಬಾರದು.

ಆದರೆ ಸರ್ಕಾರಿ ಮಾಹಿತಿಯ ಮುಖ್ಯ ದಾರಿ ಖಾಸಗಿ ಕಂಪನಿಯೊಂದರ ಆ್ಯಪ್ ಆಗಿಬಿಟ್ಟರೆ ಕೆಲವರು ಹೊರಗೆ ಉಳಿಯುತ್ತಾರೆ. ಯಾರು ಎಂದು ನೋಡಿ. ತೋಟದ ಮಾಲೀಕ ಗುಂಪಿನಲ್ಲಿರುತ್ತಾನೆ, ತೋಟದ ಲೆಕ್ಕ ಬರೆಯುವ ರೈಟರ್ ಇರುತ್ತಾನೆ. ಬೆಳಿಗ್ಗೆ ಮಂಜಿನಲ್ಲಿ ಮೊದಲು ತೋಟಕ್ಕೆ ಇಳಿಯುವುದು ಲೈನ್ ಮನೆಯ ಕೂಲಿಕಾರರು. ಇತ್ತೀಚಿನ ವರ್ಷಗಳಲ್ಲಿ ಅವರಲ್ಲಿ ಎಷ್ಟೋ ಮಂದಿ ಅಸ್ಸಾಂನಿಂದ ಬಂದವರು. ಅವರಿಗೆ ಕನ್ನಡ ಓದಲು ಬಾರದು. ಆನೆ ಇರುವ ಜಾಗವನ್ನು ಇಲಾಖೆ ಕ್ಯಾಪ್‌ನಂಥ ಮುಕ್ತ ರೂಪದಲ್ಲಿ ಹೊರಗಿಟ್ಟರೆ, ಅದನ್ನು ಅಸ್ಸಾಮಿಯಲ್ಲಿ ಓದಿಹೇಳುವ ಕರೆಯನ್ನು ಯಾವ ಸಂಘ ಸಂಸ್ಥೆ ಬೇಕಾದರೂ ಕಟ್ಟಬಹುದು. ಹಾಸನದ ಆಕಾಶವಾಣಿ ಬೆಳಗಿನ ಪ್ರಸಾರದಲ್ಲೇ ಹೇಳಬಹುದು. ಆನೆಯ ಜಾಗ ಬಹಿರಂಗವಾದರೆ ಕಳ್ಳಬೇಟೆಯವರಿಗೂ ಫೋಟೊ ಹುಚ್ಚಿನವರಿಗೂ ಅನುಕೂಲವಲ್ಲವೇ ಎಂಬ ಆಕ್ಷೇಪ ಸರಿಯಾದದ್ದೇ. ಊರಿನ ಮಟ್ಟದಲ್ಲಿ ಹೇಳಿ, ಮರದ ಮಟ್ಟದಲ್ಲಿ ಹೇಳಬೇಡಿ ಎಂಬುದು ಅದಕ್ಕೆ ಉತ್ತರ. ಈಗ ಎಲ್‌ಇಡಿ ಫಲಕದಲ್ಲಿ ಬರುವುದೂ ಅಷ್ಟೇ.

ಧ್ವನಿಗೆ ಎಂಥ ಶಕ್ತಿ ಇದೆ ಎಂಬುದು ಇಲ್ಲಿನ ಬೆಳೆಗಾರರಿಗೆ ಗೊತ್ತು. ಕಾಫಿ ಮಂಡಳಿ 2018ರಲ್ಲಿ ‘ಕಾಫಿ ಕೃಷಿ ತರಂಗ’ ಎಂಬ ಫೋನ್ ಸೇವೆಯನ್ನು ಮೊದಲು ಶುರುಮಾಡಿದ್ದೇ ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಲ್ಲಿ. ಬಟನ್ ಫೋನಿದ್ದರೂ ಸಾಕು, ಕನ್ನಡದಲ್ಲಿ ಸಲಹೆ ಕೇಳಬಹುದು.

ಇದೇ ಬೆಳೆಗಾರರ ಮನೆಯಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ. ಹೂಮಳೆ ಎಷ್ಟು ಇಂಚು ಎಷ್ಟು ಸೆಂಟ್ಸ್ ಬಿತ್ತು, ಅದರ ಬೆನ್ನಿಗೆ ಬೇಕಾದ ಬ್ಯಾಕಿಂಗ್ ಮಳೆ ಯಾವ ದಿನ ಬಂತು ಎಂದು ಅಜ್ಜನ ಕಾಲದಿಂದ ಬರೆದಿಟ್ಟ ಪುಸ್ತಕ. ಇತ್ತ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಅಳೆದು ಕಳಿಸುವ ಮಳೆಮಾಪಕಗಳನ್ನು ನೆಟ್ಟಿದೆ. ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಬರುತ್ತದೆ. ದೇಶದಲ್ಲೇ ಅಪರೂಪದ ಜಾಲ. ಜನರಿಗೆ ಕಾಣುವುದು ಮಾತ್ರ ಹೆಚ್ಚಾಗಿ ಬಣ್ಣ ತುಂಬಿದ ನಕ್ಷೆಯ ಚಿತ್ರ ಮತ್ತು ದಿನದ ವರದಿಯ ಪಿಡಿಎಫ್. ತನ್ನ ಪಂಚಾಯಿತಿಯ ಹತ್ತು ವರ್ಷದ ಮಳೆಯನ್ನು ಒಂದು ಸಾದಾ ಕೋಷ್ಟಕವಾಗಿ ಇಳಿಸಿಕೊಂಡು ಅಜ್ಜನ ಪುಸ್ತಕದ ಪಕ್ಕ ಇಟ್ಟು ನೋಡುವ ಅವಕಾಶ ಬೆಳೆಗಾರನಿಗೆ ಇರಬೇಕಿತ್ತು. ತೆರಿಗೆಯ ದುಡ್ಡಿನಲ್ಲಿ ಅಳೆದ ಮಳೆ ಅದು.

ಈಗ ಯುರೋಪು ಬಂದು ಬಾಗಿಲು ಬಡಿಯುತ್ತಿದೆ. ಕಾಡು ಕಡಿದು ಬೆಳೆದ ಕಾಫಿ ಬೇಡ ಎಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ತಂದಿದೆ. 2020ರ ಡಿಸೆಂಬರ್ 31ರ ನಂತರ ಕಾಡು ತೆಗೆದ ಜಾಗದ್ದಲ್ಲ ಎಂದು ತೋರಿಸಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡ ತಾಕಾದರೆ ಗಡಿಯನ್ನೇ ಅಕ್ಷಾಂಶ ರೇಖಾಂಶಗಳಲ್ಲಿ ಕೊಡಬೇಕು. ಜಾರಿಯ ದಿನ ಮುಂದೆ ಮುಂದೆ ಹೋಗುತ್ತಿದ್ದರೂ ಕಾನೂನು ಕಾನೂನೇ. ನಮ್ಮ ಕಾಫಿಯ ಬಹುಪಾಲು ರಫ್ತಾಗುವುದು, ಅದರಲ್ಲೂ ಇಟಲಿ ದೊಡ್ಡ ಗಿರಾಕಿ. ತಾಕಿನ ಗಡಿಯನ್ನು ಒಕ್ಕೂಟ ಸ್ವೀಕರಿಸುವುದು ಜಿಯೋಜೇಸನ್ ಎಂಬ ಮುಕ್ತ ರೂಪದಲ್ಲಿ. ಅದನ್ನು ಓದಲು ಬರೆಯಲು ಯಾವ ತಂತ್ರಾಂಶವನ್ನೂ ಕೊಳ್ಳಬೇಕಿಲ್ಲ. ಸಕಲೇಶಪುರದ ಬೆಳೆಗಾರ ತನ್ನ ಗ್ರಾಮ ನಕ್ಷೆಯನ್ನು ಕಂದಾಯ ಇಲಾಖೆಯ ಜಾಲತಾಣದಿಂದ ಇಳಿಸಿಕೊಂಡರೆ ಸಿಗುವುದು ಹಳೆಯ ಕಾಗದದ ನಕ್ಷೆಯ ಸ್ಕ್ಯಾನ್. ಸರ್ವೆ ನಂಬರಿನ ಗಡಿ ಕಣ್ಣಿಗೆ ಕಾಣುತ್ತದೆ, ಕಂಪ್ಯೂಟರಿಗೆ ಕಾಣುವುದಿಲ್ಲ. ಹಾಗಾಗಿ ದುಡ್ಡು ಕೊಟ್ಟು ಬೇರೆಯವರಿಂದ ಅಳೆಸಬೇಕು. ದೊಡ್ಡ ಎಸ್ಟೇಟಿಗೆ ಅದು ಲೆಕ್ಕವಲ್ಲ, ಹತ್ತು ಹನ್ನೆರಡು ಎಕರೆಯವನಿಗೆ ಲೆಕ್ಕ. ‘ಭೂಮಿ’ ಯೋಜನೆಯಲ್ಲಿ 2000ದ ದಶಕದ ಆರಂಭದಲ್ಲೇ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ದೇಶಕ್ಕೆ ಮಾದರಿಯಾದ ರಾಜ್ಯ ಇದು. ಎಲ್ಲರಿಗಿಂತ ಮೊದಲು ಹೊರಟು, ಅರ್ಧ ದಾರಿಯಲ್ಲಿ ಕೂತಿದ್ದೇವೆ.

ಬ್ರಿಟನ್ ಸರ್ಕಾರ 2014ರಲ್ಲೇ ತನ್ನ ಕಡತಗಳಿಗೆಲ್ಲ ಮುಕ್ತ ಶಿಷ್ಟತೆಗಳನ್ನು ಕಡ್ಡಾಯ ಮಾಡಿತು. ಅಷ್ಟು ದೂರ ಯಾಕೆ, ಘಟ್ಟ ಇಳಿದು ದಕ್ಷಿಣಕ್ಕೆ ತಿರುಗಿದರೆ ಸಿಗುವ ಕೇರಳ ತನ್ನ ಶಾಲೆಗಳನ್ನೇ ಮುಕ್ತ ತಂತ್ರಾಂಶಕ್ಕೆ ಒಯ್ದಿದೆ. ದುಡ್ಡು ನಮ್ಮಲ್ಲಿ ಅವರಿಗಿಂತ ಕಡಿಮೆ ಇರಲಿಲ್ಲ. ಬೇಕಾದದ್ದು ಒಂದು ಸುತ್ತೋಲೆ, ಮತ್ತು ಅದನ್ನು ಪಾಲಿಸದ ಕಚೇರಿಯನ್ನು ಕೇಳುವ ಒಬ್ಬ ಅಧಿಕಾರಿ.

ಆ ಅಧಿಕಾರಿ ಬರುವವರೆಗೆ ಕೇಳಬೇಕಾದವರು ನಾವೇ. ಮುಂದಿನ ಗ್ರಾಮಸಭೆಯಲ್ಲಿ ಕೈಯೆತ್ತಿ ಕೇಳಿ: ನಮ್ಮ ಪಂಚಾಯಿತಿಗೆ ಸಂಬಂಧಿಸಿದ ಅಧಿಸೂಚನೆ, ಆದೇಶಗಳು ಯುನಿಕೋಡ್ ಕನ್ನಡದಲ್ಲಿ, ಹುಡುಕಲು ಬರುವ ಪಠ್ಯವಾಗಿ ಎಲ್ಲಿವೆ? ಇಲ್ಲ ಎಂದರೆ ನಡವಳಿಯಲ್ಲಿ ಬರೆಸಿ. ಪರಿಸರ ಸೂಕ್ಷ್ಮ ಪ್ರದೇಶದ ಕರಡು ಮತ್ತೊಮ್ಮೆ ಬಂದರೆ, ಅದರ ತಿರುಳಿನ ಬಗ್ಗೆ ನಿಮ್ಮ ನಿಲುವು ಏನೇ ಇರಲಿ, ಮೊದಲ ಆಕ್ಷೇಪ ಇದೇ ಇರಲಿ: ಕನ್ನಡ ಪಠ್ಯ ಕೊಡಿ, ನಮ್ಮ ಹಳ್ಳಿಗಳ ಪಟ್ಟಿಯನ್ನು ಸರ್ಕಾರದ್ದೇ ಗ್ರಾಮ ಸಂಕೇತಗಳ ಸಮೇತ ಬೇರೆ ಕೋಷ್ಟಕವಾಗಿ ಕೊಡಿ, ಗಡಿಯ ನಕ್ಷೆಯನ್ನು ಮುಕ್ತ ರೂಪದಲ್ಲಿ ಕೊಡಿ, 60 ದಿನದ ಎಣಿಕೆ ಅಲ್ಲಿಂದ ಶುರುವಾಗಲಿ. ಅರ್ಜಿಯಲ್ಲಿ ಮಾಹಿತಿ ಹಕ್ಕು ಕಾಯ್ದೆಯ 4(4)ನೇ ಕಲಮು ಎಂದು ಬರೆಯುವುದನ್ನು ಮರೆಯಬೇಡಿ.